ಪೀಣ್ಯದಲ್ಲಿ ಕಾದ ಬ್ಯಾಟರಿ

ತುಮಕೂರಿಗೆಂದು ನಾನು ಹತ್ತಿದ್ದ ಹೈಬ್ರಿಡ್ ಟ್ಯಾಕ್ಸಿ, ಬ್ಯಾಟರಿ ಕಾದಿದೆಯೆಂದು ಪೀಣ್ಯದಲ್ಲೇ ಕೆಂಪು ದೀಪ ತೋರಿಸಿತು. ಅಲ್ಲೇ ಇದ್ದ ಗ್ಯಾರೇಜಿನ ಮೆಕ್ಯಾನಿಕ್ ಹಿಂದಿನ ಸೀಟು ಬಿಚ್ಚಿ, ಕಾರಿನೊಳಗಿನ ಗಾಳಿ ಎಳೆದು ಬ್ಯಾಟರಿ ತಣ್ಣಗಿಡುವ ಫ್ಯಾನ್ ಹೊರತೆಗೆದ. ರೆಕ್ಕೆಗಳಿಗೆಲ್ಲ ಕೂದಲು ಸುತ್ತಿಕೊಂಡಿತ್ತು.

"ಫ್ಯಾನೇ ತಿರುಗ್ತಿಲ್ಲ. ಇಷ್ಟುದ್ದ ಕೂದಲು ಯಾರ್ದು ಗುರು?" ಎಂದು ಕಣ್ಣು ಹೊಡೆದ.

ಡ್ರೈವರ್ ನಗಲಿಲ್ಲ. "ನನ್ನ ಹೆಂಡ್ತೀದು ಅಣ್ಣ. ಕ್ಯಾನ್ಸರ್ ಇತ್ತು. ಆಸ್ಪತ್ರೆಗೆ ಹಿಂದಿನ ಸೀಟಲ್ಲೇ ಮಲಗಿಸ್ಕೊಂಡು ಹೋಗ್ತಿದ್ದೆ, ಉದುರ್ತಾನೇ ಇತ್ತು. ಹೋದ ತಿಂಗಳು ತೀರ್ಕೊಂಡ್ಲು."

ಇಷ್ಟು ಹೊತ್ತು ನಾನು ಒರಗಿ ಕೂತಿದ್ದ ಸೀಟು ಈಗ ಗ್ರೀಸು ಮೆತ್ತಿದ ನೆಲದ ಮೇಲೆ ಬಿದ್ದಿತ್ತು.

ಮೆಕ್ಯಾನಿಕ್ ಅಭ್ಯಾಸದಂತೆ ಗಾಳಿ ಪೈಪು ಎತ್ತಿದ. ಒಮ್ಮೆ ಊದಿದರೆ ಎಲ್ಲ ಹಾರಿಹೋಗುತ್ತದೆ.

ಡ್ರೈವರ್ ಅವನ ಕೈ ಹಿಡಿದ. "ಗಾಳಿ ಹೊಡೀಬೇಡ ಅಣ್ಣ. ಇಲ್ಲಿ ಕೊಡು, ನಾನೇ ಬಿಡಿಸ್ತೀನಿ."