ರಾಮನ ಪಕ್ಕದ ಗ್ರೀಕ್ ಅಂಬಿಗ

ಹ್ಯೂಸ್ಟನ್ನಿನ ಮ್ಯೂಸಿಯಂ ಅಂಗಡಿಯಲ್ಲಿ ಆ ಹೂಜಿಯನ್ನು ಕೊಂಡವಳು ನಾನೇ. ಹಳೆಯ ಗ್ರೀಕ್ ಪಾತ್ರೆಯ ನಕಲು. ಗೇಣುದ್ದ, ಬಿಳಿ ಮೈ, ಸಣ್ಣ ಕುತ್ತಿಗೆ. ಮೈಮೇಲೆ ಕಂದು ಗೆರೆಯಲ್ಲಿ ಒಂದು ದೋಣಿ, ಅದರಲ್ಲಿ ಗಡ್ಡದವನು, ದಡದಲ್ಲಿ ನಿಂತ ಹೆಂಗಸು. ಜೊತೆಗಿದ್ದ ಚೀಟಿ ಓದುವ ತಾಳ್ಮೆ ನನಗೆಲ್ಲಿ? ರೌಂಡ್ ರಾಕ್ ಊರಿನ ನಮ್ಮ ಮನೆಗೆ ಬಂದವಳೇ ದಸರೆಯ ಗೊಂಬೆ ಮೆಟ್ಟಿಲಲ್ಲಿ ರಾಮ, ಸೀತೆ, ಲಕ್ಷ್ಮಣರ ಪಕ್ಕ ಇಟ್ಟುಬಿಟ್ಟೆ. ಅವರನ್ನು ಗಂಗೆ ದಾಟಿಸಿದ ಅಂಬಿಗ ನಮ್ಮ ಸೆಟ್ಟಿನಲ್ಲಿ ಇರಲಿಲ್ಲ, ಅಂತೂ ಸಿಕ್ಕಿದ ಅಂದುಕೊಂಡೆ.

ಆ ವರ್ಷ ನನ್ನ ಚಿಂತೆ ಗೊಂಬೆಯದಲ್ಲ, ಅತ್ತೆಯದು. ಮಾವ ತೀರಿಕೊಂಡು ವರ್ಷದ ಮೇಲಾಗಿತ್ತು. ಗೊಂಬೆಗಳೆಲ್ಲ ಅತ್ತೆಯವೇ, ಮೈಸೂರಿನಿಂದ ಹಳೇ ಸೀರೆಯಲ್ಲಿ ಸುತ್ತಿ ತಂದವರು ಅವರೇ. ಆದರೆ ಅರಿಶಿನ ಕುಂಕುಮಕ್ಕೆ ಹೆಂಗಸರು ಬರುವ ಹೊತ್ತಿಗೆ ಮಹಡಿಯ ಕೋಣೆ ಸೇರಿಕೊಳ್ಳುತ್ತೇನೆ ಅಂತ ಅವರ ಹಟ. "ಬಂದೋರಿಗೆ ಮುಜುಗರ ಕಣಮ್ಮ. ಶುಭದ ದಿನ ನಾನ್ಯಾಕೆ ಎದುರಿಗೆ?" ನನಗೆ ಮೈಯೆಲ್ಲ ಉರಿಯುತ್ತಿತ್ತು. ಗಂಡ ಮಾತ್ರ ಲ್ಯಾಪ್‌ಟಾಪಿನಿಂದ ತಲೆ ಎತ್ತುತ್ತಿರಲಿಲ್ಲ.

ಶುಕ್ರವಾರ ಸಂಜೆ, ಇನ್ನೇನು ಎಲ್ಲರೂ ಬರಬೇಕು, ಆರನೇ ಕ್ಲಾಸಿನ ಮಗಳು ಹೂಜಿ ನೋಡಿ ನಕ್ಕಳು. ಅವಳಿಗೆ ಸ್ಕೂಲಿನಲ್ಲಿ ಆಗ ಗ್ರೀಕರ ಪಾಠ. ಆ ಗಡ್ಡದವನು ಸತ್ತವರನ್ನು ನದಿ ದಾಟಿಸುವ ಅಂಬಿಗ, ಆ ಹೆಂಗಸು ಸತ್ತಿದ್ದಾಳೆ, ಇಂಥ ಹೂಜಿಯಲ್ಲಿ ಎಣ್ಣೆ ತುಂಬಿ ಸಮಾಧಿಗೆ ಇಡುತ್ತಿದ್ದರು ಎಂದು ಇಂಗ್ಲಿಷಿನಲ್ಲಿ ಪಾಠ ಒಪ್ಪಿಸಿದಳು. ತಕ್ಷಣ ಹೂಜಿ ತೆಗೆಯಲು ಕೈ ಚಾಚಿದೆ.

"ಇರು, ನೋಡ್ತೀನಿ," ಅಂದರು ಅತ್ತೆ. ಮಹಡಿಗೆ ಹೊರಟವರು ಮೊಮ್ಮಗಳ ಮಾತು ಕೇಳಿ ತಿರುಗಿ ಬಂದಿದ್ದರು. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಇವನು ಗದರಿಸ್ತಾ ಇಲ್ಲ. ಅವಳು ಹತ್ತೋವರೆಗೂ ಕಾಯ್ತಿದಾನೆ. ನಿಮ್ಮ ಮಾವನವರನ್ನೂ ಯಾರಾದ್ರೂ ಹೀಗೇ ಮರ್ಯಾದೆಯಿಂದ ಕರ್ಕೊಂಡು ಹೋಗಿದ್ರೆ ಸಾಕು. ತೆಗೀಬೇಡ, ಇಲ್ಲೇ ಇರಲಿ."

"ಬಂದೋರಿಗೆ ಮುಜುಗರ ಆಗಲ್ವಾ ಅತ್ತೆ?"

"ಮಣ್ಣಿನ ಹೂಜಿ ನೋಡಿ ಎಂಥ ಮುಜುಗರ?"

"ಸತ್ತವರ ಹೂಜಿ ರಾಮನ ಪಕ್ಕ ಕೂರಬಹುದು, ಗೊಂಬೆ ತಂದ ನೀವು ಇಲ್ಲಿ ಕೂರಬಾರದಾ?" ಅಂದೆ. ದನಿ ಜೋರಾಗಿಯೇ ಬಂತು, ಕಣ್ಣೂ ತುಂಬಿತ್ತು.

ಅಷ್ಟರಲ್ಲಿ ಬೆಲ್ ಆಯಿತು. ನಾನು ಕುಂಕುಮದ ಬಟ್ಟಲು ಕೆಳಗಿಟ್ಟು ಹೋಗುವುದರೊಳಗೆ ಅತ್ತೆ ಸೆರಗು ಸರಿಮಾಡಿಕೊಂಡು ಬಾಗಿಲು ತೆಗೆದಿದ್ದರು.

"ಬನ್ನಿ, ಒಳಗೆ ಬನ್ನಿ. ಗೊಂಬೆ ನಂದೇ, ನಾನೇ ತೋರಿಸ್ತೀನಿ."