ಯಜಮಾನರಿಲ್ವಾ?

ಅಂಗಡಿಯಲ್ಲಿ ಕೂತ ಗಂಡಸಿಗೆ ಹೆಸರುಗಳಿಗೇನು ಬರವೇ? ಸಾಮಾನು ಬೇಕಾದವನು 'ಯಜಮಾನ್ರೇ' ಅನ್ನುತ್ತಾನೆ. ಕಡ ಕೇಳುವವನು 'ಸಾಹುಕಾರ್ರೇ' ಅನ್ನುತ್ತಾನೆ. ಚೌಕಾಸಿಗೆ ನಿಂತವನು 'ಅಣ್ಣಾ' ಎಂದು ಹಲ್ಲು ಕಿರಿಯುತ್ತಾನೆ. ಮಾಲು ತಂದು ಇಳಿಸುವವನ ಬಾಯಲ್ಲಿ ಅವನು 'ಮಾಲೀಕರು'. ಅದೇ ಜಾಗದಲ್ಲಿ ಒಬ್ಬ ಹೆಂಗಸು ಕೂತಿರಲಿ, ಅಷ್ಟೂ ಜನರ ಬಾಯಿಂದ ಬರುವುದು ಒಂದೇ ಮಾತು: "ಅಮ್ಮಾ, ಯಜಮಾನರಿಲ್ವಾ?"

ಈ ಮಾತು ಕೇಳಿ ಕೇಳಿ ಹಾರ್ಡ್‌ವೇರ್ ಅಂಗಡಿಯ ಕಿರಿಸೊಸೆಗೆ ಸಾಕು ಸಾಕಾಗಿತ್ತು. ಅವಳ ಗಂಡ ಬಸ್ಸು ಓಡಿಸುವವನು, ಮೊಳೆ ಸುತ್ತಿಗೆ ಕಂಡರೆ ದೂರ ಓಡುವವನು. ಮದುವೆಯಾದ ಹೊಸತರಲ್ಲಿ ಅವಳು ಮಾವನಿಗೆ ಟೀ ಕೊಡಲು ಅಂಗಡಿಗೆ ಬಂದಿದ್ದಳು. "ಸ್ವಲ್ಪ ನೋಡ್ಕೊಳಮ್ಮಾ, ಈಗ ಬಂದೆ" ಅಂತ ಮಾವ ಎದ್ದು ಹೋದರು. ಆ 'ಸ್ವಲ್ಪ' ಮುಗಿಯಲೇ ಇಲ್ಲ. ಅವಳ ಮಗಳು ಹುಟ್ಟಿ, ಶಾಲೆ ಮುಗಿಸಿ, ಕಾಲೇಜಿಗೆ ಸೇರಿದರೂ ಅವಳು ನೋಡಿಕೊಳ್ಳುತ್ತಲೇ ಇದ್ದಳು.

ಅಲ್ಲಿ ಕೂತು ಅವಳು ಒಂದು ಸಂಗತಿ ಕಂಡುಕೊಂಡಳು. ಅಂಗಡಿಗೆ ಬರುವ ಅರ್ಧ ಜನಕ್ಕೆ ತಮಗೆ ಬೇಕಾದ ವಸ್ತುವಿನ ಹೆಸರೇ ಗೊತ್ತಿಲ್ಲ! "ಅದೇ ಕಣಮ್ಮ, ದುಂಡಗೆ ಇರತ್ತೆ, ಮಧ್ಯೆ ತೂತು, ಹೀಗೆ ತಿರುಗತ್ತೆ" ಎಂದು ಗಾಳಿಯಲ್ಲಿ ಕೈಯಾಡಿಸುತ್ತಾ ಬೆವರುತ್ತಾರೆ. ಆದ್ದರಿಂದ ಅವಳು 'ಏನು ಬೇಕು' ಅಂತ ಕೇಳುವುದನ್ನೇ ಬಿಟ್ಟಳು. "ಮನೇಲಿ ಏನು ಕೆಟ್ಟಿದೆ ಹೇಳಿ" ಅನ್ನುತ್ತಿದ್ದಳು. ಕೆಟ್ಟಿದ್ದನ್ನು ಹೇಳಲು ಯಾರಿಗೆ ಬರುವುದಿಲ್ಲ? ಸಾಮಾನನ್ನೂ ಹಾಗೇ ಜೋಡಿಸಿದಳು. ನಲ್ಲಿ ರಿಪೇರಿಯ ವಾಷರು, ಟೇಪು ಎಲ್ಲ ಒಟ್ಟಿಗೆ 'ತೊಟ್ಟಿಕ್ಕೋ ಡಬ್ಬ'ದಲ್ಲಿ. ಬಾಗಿಲಿನ ಕೀಲು, ಎಣ್ಣೆ 'ಕಿರ್ ಅನ್ನೋ ಡಬ್ಬ'ದಲ್ಲಿ. ಕುರ್ಚಿ ಮೇಜಿನ ಕಾಲಿಗೆ ಬೇಕಾದದ್ದು 'ಅಲ್ಲಾಡೋ ಡಬ್ಬ'ದಲ್ಲಿ.

ಹೀಗಿರುವಾಗ ಮಾವನ ಮಂಡಿ ಕೈಕೊಟ್ಟಿತು. ದೊಡ್ಡ ಶೋರೂಮಿನಲ್ಲಿ ಕೆಲಸಕ್ಕಿದ್ದ ಹಿರಿಮಗನನ್ನು ಕರೆಸಿದರು. ಊಟಕ್ಕೆ ಕೂತಾಗ ಎಲ್ಲರೆದುರು ಹೇಳಿಯೂ ಬಿಟ್ಟರು: "ಬರೋ ತಿಂಗಳು ಅಂಗಡಿ ದೊಡ್ಡವನ ಹೆಸರಿಗೆ ಮಾಡ್ತೀನಿ. ಗಲ್ಲಾದಲ್ಲಿ ಒಬ್ಬ ಗಂಡಸು ಅಂತ ಕೂತಿರ್ಬೇಕು. ನೀನೂ ಇಷ್ಟು ದಿನ ಒಂದಿಷ್ಟು ಕೈಜೋಡಿಸ್ದೆ ಕಣಮ್ಮ, ಪಾಪ."

ಒಂದಿಷ್ಟು ಕೈಜೋಡಿಸಿದಳಂತೆ! ಆ ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿ ಅವಳಿಗೆ ಬೇಕಿತ್ತು, ತನ್ನದು ಅಂತಲೇ ತಿಳಿದಿದ್ದಳು. ಆದರೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಭಾವ ಕೆಟ್ಟವನಲ್ಲ, ಉತ್ಸಾಹ ಒಂದು ಚೂರು ಜಾಸ್ತಿ. ಬಂದವನೇ ಗಾಜಿನ ಕಪಾಟು ತರಿಸಿದ, ಸಾಮಾನನ್ನು ಕಂಪನಿ ಪ್ರಕಾರ, ಅಳತೆ ಪ್ರಕಾರ ಸಾಲಾಗಿ ಇಟ್ಟ, ಬೋರ್ಡಿಗೆ ದೀಪ ಹಾಕಿಸಿದ. ಅವಳ ಡಬ್ಬಗಳನ್ನೆಲ್ಲ ಹಿಂದಿನ ಗೋದಾಮಿಗೆ ಸಾಗಿಸಿ, "ಇದನ್ನೆಲ್ಲ ಅಳತೆ ನೋಡಿ ಬೇರೆ ಮಾಡ್ತಾ ಇರಮ್ಮ" ಎಂದ.

ಗೋದಾಮಿಗೆ ಓಣಿಯ ಕಡೆ ಒಂದು ಕಿಟಕಿ ಇತ್ತು. ಮೂರನೇ ದಿನ ಅದರ ಮುಂದೆ ಲಾಂಡ್ರಿಯವಳು ಗೊಣಗುತ್ತಾ ಹೋಗುತ್ತಿದ್ದಳು.

"ಏನಾಯ್ತೇ?" ಎಂದಳು ಕಿರಿಸೊಸೆ.

"ಅಯ್ಯೋ, ಇಲ್ಲಿದ್ದೀಯಾ ಮಾರಾಯ್ತಿ! ನಲ್ಲಿ ಸೋರ್ತಿದೆ ಅಂದ್ರೆ ನಿಮ್ಮ ಭಾವ ಅರ್ಧ ಇಂಚಾ ಮುಕ್ಕಾಲಾ, ಯಾವ ಕಂಪನಿ ಅಂತ ಪರೀಕ್ಷೆ ಮಾಡ್ತಾರೆ. ನಾನೇನು ಓದ್ಕೊಂಡು ಬಂದಿದ್ನಾ?"

ಕಿರಿಸೊಸೆ ತೊಟ್ಟಿಕ್ಕೋ ಡಬ್ಬ ತೆರೆದಳು, ನಲ್ಲಿಯ ಹಿಡಿ ಬಿಗಿಯಾಗಿದೆಯೋ ಸಡಿಲವೋ ಕೇಳಿದಳು, ವಾಷರು ಕಿಟಕಿಯಿಂದಲೇ ಕೊಟ್ಟಳು. "ಹತ್ತು ರೂಪಾಯಿ, ಮುಂದೆ ಗಲ್ಲಾಕ್ಕೆ ಕೊಟ್ಟು ಹೋಗು" ಎಂದಳು. ಕಳ್ಳ ವ್ಯಾಪಾರ ಅವಳಿಗೆ ಆಗದು.

ಲಾಂಡ್ರಿಯವಳ ಬಾಯಿಗೆ ಬಿದ್ದ ಸುದ್ದಿ ಬೀದಿಗೆ ಬಿದ್ದಂತೆಯೇ. ಬಡಗಿ ಬಂದ, ಪ್ಲಂಬರ್ ಬಂದ, ಬಾಡಿಗೆ ಮನೆಯ ಹುಡುಗರು ಬಂದರು. ಎಲ್ಲರೂ ಕಿಟಕಿಯಲ್ಲಿ ಸಾಮಾನು ಇಸಿದುಕೊಂಡು, ಸುತ್ತಿ ಬಂದು, ಮುಂಬಾಗಿಲಿಂದ ಒಳಗೆ ನುಗ್ಗಿ, ಗಲ್ಲಾದಲ್ಲಿ ದುಡ್ಡು ಇಟ್ಟು ಹೋಗುತ್ತಿದ್ದರು. ಭಾವನಿಗೆ ಹಿಗ್ಗೋ ಹಿಗ್ಗು. "ನೋಡಿದ್ರಾ ಅಪ್ಪಾ! ಮಾತಿಲ್ಲ ಕತೆಯಿಲ್ಲ, ಜನ ಬಂದು ದುಡ್ಡು ಕೊಟ್ಟು ಹೋಗ್ತಿದ್ದಾರೆ! ಎಲ್ಲಾ ಬೋರ್ಡಿನ ಮಹಿಮೆ!"

ಮೂಲೆಯಲ್ಲಿ ಕೂತಿದ್ದ ಮಾವ ಕನ್ನಡಕ ಏರಿಸಿದರು. ಬಾಗಿಲಿಂದ ಒಳಗೆ ಬರುವವರ ಕೈಗಳನ್ನೇ ನೋಡಿದರು. ಆಮೇಲೆ ಹೇಳಿದರು: "ಲೋ, ಸಾಮಾನು ಅಂಗಡಿಯಿಂದ ಆಚೆ ಹೋಗ್ಬೇಕು ಕಣೋ. ಇಲ್ಲಿ ಆಚೆಯಿಂದ ಒಳಗೆ ಬರ್ತಿದೆಯಲ್ಲೋ!"

ಮಾವ ಕೋಲು ಊರಿಕೊಂಡು, ಮಂಡಿಗೆ ಶಾಪ ಹಾಕುತ್ತಾ, ಓಣಿಗೆ ತಿರುಗಿದರು. ಕಿಟಕಿಯ ಮುಂದೆ ಸಾಲು! ಕಣ್ಣನ್ನು ನಂಬಲಾಗದೆ ಮುಂದೆ ನುಗ್ಗಿದರೆ ಪ್ಲಂಬರ್ ತಡೆದ.

"ತಾತಾ, ಸಾಲಲ್ಲಿ ಬನ್ನಿ. ಎಲ್ರಿಗೂ ಅರ್ಜೆಂಟೇ."

ತಮ್ಮದೇ ಅಂಗಡಿಯ ಹಿಂದೆ ಆ ಮನುಷ್ಯ ಸಾಲಿನಲ್ಲಿ ನಿಂತರು. ನಿಂತು ಎಲ್ಲ ನೋಡಿದರು, ಎಲ್ಲ ಕೇಳಿಸಿಕೊಂಡರು. ಜನ ಗಂಟುಮುಖ ಹಾಕಿಕೊಂಡು ಹೋಗಿ ನಗುತ್ತಾ ತಿರುಗುತ್ತಿದ್ದರು. ಕೊನೆಗೆ ಅವರ ಸರದಿ ಬಂತು. ಡಬ್ಬ ಮುಚ್ಚುತ್ತಿದ್ದ ಸೊಸೆ ತಲೆಯೆತ್ತದೆ ಕೇಳಿದಳು, "ಏನು ಕೆಟ್ಟಿದೆ ಹೇಳಿ?"

"ಅಂಗಡಿ ಕೆಟ್ಟಿದೆ ಕಣಮ್ಮ. ಕೆಡಿಸಿದವನು ನಾನೇ."

ಅವಳು ತಲೆಯೆತ್ತಿದಳು. ಕೈಯಲ್ಲಿದ್ದ ಡಬ್ಬ ಕೆಳಗಿಟ್ಟಳು.

"ಬಂದು ಮುಂದೆ ಕೂತ್ಕೋ. ಸ್ವಲ್ಪ ನೋಡ್ಕೊಳಮ್ಮಾ" ಎಂದರು ಮಾವ.

"ಆಗಲ್ಲ ಮಾವ. ಸ್ವಲ್ಪ ನೋಡ್ಕೊಂಡಿದ್ದು ಸಾಕು. ಅಂಗಡಿ ನಿನ್ನದು ಅಂತ ಹೇಳಿ. ಇಲ್ಲೇ, ಇವ್ರೆಲ್ಲರ ಮುಂದೇನೇ ಹೇಳಿ."

ಮಾವ ಕೋಲನ್ನು ನೆಲಕ್ಕೆ ಕುಟ್ಟಿ, ಓಣಿಯ ಆ ತುದಿಗೆ ಕೇಳುವ ಹಾಗೆ ಹೇಳಿದರು: "ಅಂಗಡಿ ನಿನ್ನದೇ ಕಣಮ್ಮ! ಬರೋ ತಿಂಗಳು ನಿನ್ನ ಹೆಸರಿಗೇ ಮಾಡ್ತೀನಿ!"

"ಮೊದಲೇ ಹೇಳಿದ್ರೆ ನಾವು ಬಿಸಿಲಲ್ಲಿ ಒಣಗ್ತಿರಲಿಲ್ಲ" ಎಂದ ಪ್ಲಂಬರ್. ಸಾಲಿಗೆ ಸಾಲೇ ಬಿದ್ದು ಬಿದ್ದು ನಕ್ಕಿತು.

ಅವತ್ತು ಸಂಜೆಯೇ ಡಬ್ಬಗಳು ಮುಂದಕ್ಕೆ ಬಂದವು. ಭಾವ ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ದಿನ ಅವಳೇ ಕರೆದು, "ಭಾವ, ಗಾಜಿನ ಕಪಾಟು ತೆಗೀಬೇಡಿ, ಚೆನ್ನಾಗಿದೆ. ಗುತ್ತಿಗೆದಾರರಿಗೆ ಅಳತೆ, ಕಂಪನಿ ಎಲ್ಲ ಬೇಕು. ಆ ಕಡೆ ವ್ಯಾಪಾರ ನೀವು ನೋಡ್ಕೊಳ್ಳಿ" ಎಂದಳು. ಸಂಬಳವನ್ನೂ ಗೊತ್ತು ಮಾಡಿದಳು. ಮುಖದ ಊತ ಅಲ್ಲಿಗೇ ಇಳಿಯಿತು.

ಮುಂದಿನ ತಿಂಗಳು ಅಂಗಡಿ ಅವಳ ಹೆಸರಿಗೆ ಬಂತು. ಅದೇ ವಾರ ಬಣ್ಣದ ಕಂಪನಿಯ ಏಜೆಂಟ್ ಒಬ್ಬ ಬ್ಯಾಗು ನೇತುಹಾಕಿಕೊಂಡು ಬಂದ. ಗಲ್ಲಾದಲ್ಲಿ ಕೂತವಳನ್ನು ನೋಡಿದ, ಅವಳ ಹಿಂದೆ ನೋಡಿದ, ಅಕ್ಕಪಕ್ಕ ನೋಡಿದ.

"ಅಮ್ಮಾ, ಯಜಮಾನರಿಲ್ವಾ?"

ಏಣಿಯ ಮೇಲಿದ್ದ ಭಾವ ಅಲ್ಲಿಂದಲೇ ಗದರಿದ: "ಕಣ್ಣು ಕಾಣಲ್ವೇನ್ರೀ? ಎದುರಿಗೇ ಕೂತಿದ್ದಾರಲ್ಲ!"

ಕಿರಿಸೊಸೆ ಕುರ್ಚಿಯಲ್ಲಿ ಚೆನ್ನಾಗಿ ಹಿಂದಕ್ಕೆ ಒರಗಿದಳು. "ನಾನೇ. ಹೇಳಿ" ಎಂದಳು.