ಪಡಿ ಕಳಿಸದ ಕ್ರಿಸ್‌ಮಸ್

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾವು ರಾಯಚೂರಿನಲ್ಲಿ ಅಕ್ಕಿ ಗಿರಣಿ ಮಾಲೀಕರೊಬ್ಬರ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ ಬಾಡಿಗೆಗೆ ಇದ್ದೆವು. ನಾನು ಪತ್ರಿಕೆಯೊಂದರ ಜಿಲ್ಲಾ ವರದಿಗಾರ. ಹೆಂಡತಿ ದೇವದುರ್ಗದವಳು, ಪ್ರಾಥಮಿಕ ಶಾಲೆಯ ಶಿಕ್ಷಕಿ. ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳಿಗೆ ಹತ್ತು, ಸಣ್ಣವಳಿಗೆ ಆರು. ಆ ಓಣಿಯಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ಮಾಲೀಕರದು ಶಿವಭಕ್ತರ ಮನೆತನ. ಬೇಸಿಗೆಯಲ್ಲಿ ನಳ ಬರದಿದ್ದರೆ ತಮ್ಮ ತೊಟ್ಟಿಯಿಂದ ನಾವು ಕೇಳದೆಯೇ ನೀರು ಕೊಡುತ್ತಿದ್ದರು. ಒಳ್ಳೆಯ ಜನ. ಇದನ್ನು ಮೊದಲೇ ಬರೆದಿಡುತ್ತೇನೆ, ಯಾಕೆಂದರೆ ಮುಂದಿನ ಸಂಗತಿ ಇದನ್ನು ಸುಳ್ಳು ಮಾಡುವುದಿಲ್ಲ.

ಪ್ರತಿವರ್ಷ ಕ್ರಿಸ್‌ಮಸ್‌ಗೆ ಎರಡು ದಿನ ಮೊದಲು ನನ್ನ ತಾಯಿ ಮಾನ್ವಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಕೈಯಲ್ಲಿ ಹೊಸ ಅಕ್ಕಿಯ ಚೀಲ. ಕುರ್ಡಿಯ ಕಡೆ ಗದ್ದೆ ಇದ್ದವರಿಗೆ ಹೇಳಿ ತರಿಸಿದ್ದು, ಸಣ್ಣ ಕಾಳು, ನುಚ್ಚಿಲ್ಲದ್ದು. ಆ ಅಕ್ಕಿ ನಮಗಲ್ಲ. ಹಬ್ಬದ ದಿನ ಅದನ್ನು ಬುಟ್ಟಿಗೆ ತುಂಬಿ, ಮೇಲೆ ತೊಗರಿಬೇಳೆ, ಬೆಲ್ಲ, ಒಂದು ತೆಂಗಿನಕಾಯಿ ಇಟ್ಟು ಮಾಲೀಕರ ಮನೆಗೆ ಕಳಿಸುತ್ತಿದ್ದಳು. ಇದಕ್ಕೆ ಪಡಿ ಎನ್ನುತ್ತಿದ್ದರು. ನಮ್ಮ ಒಲೆಯ ಮೇಲೆ ಬೆಂದದ್ದನ್ನು ಅವರು ಮುಟ್ಟುವುದಿಲ್ಲ. ಬೇಯದ ಧಾನ್ಯಕ್ಕೆ ಮೈಲಿಗೆ ಇಲ್ಲ. ಮಾನ್ವಿಯ ದೊಡ್ಡ ಮನೆಗಳಿಗೆ ನನ್ನಜ್ಜಿ ಕಳಿಸುತ್ತಿದ್ದದ್ದೂ ಇದನ್ನೇ. ಮಾಲೀಕರ ಮನೆಯ ಯುಗಾದಿಗೆ ಹೋಳಿಗೆ ಬೆಂದೇ ಬರುತ್ತಿತ್ತು, ತುಪ್ಪ ಹಚ್ಚಿಕೊಂಡು. ನಾವು ತಿನ್ನುತ್ತಿದ್ದೆವು.

ಆ ವರ್ಷ ಕರ್ಚಿಕಾಯಿ ಮಾಡುವ ದಿನ ದೊಡ್ಡವಳು ಮೊದಲ ಬಾರಿ ಅಂಚು ಮಡಿಚುವುದನ್ನು ಕಲಿತಳು. ಬೆರಳ ತುದಿಯಿಂದ ಒತ್ತಿ ಒತ್ತಿ ಜಡೆ ಹೆಣೆದಂತೆ ಮಡಿಚಬೇಕು. ಸರಿಯಾಗಿ ಮಡಿಚದಿದ್ದರೆ ಎಣ್ಣೆಯಲ್ಲಿ ಬಾಯಿ ಬಿಟ್ಟು ಕೊಬ್ಬರಿ, ಗಸಗಸೆ ಎಲ್ಲ ಹೊರಗೆ. ಅವಳ ಮೊದಲ ಹತ್ತು ಬಾಯಿಬಿಟ್ಟವು. ಅವನ್ನು ಸಣ್ಣವಳು ತಿಂದು ಮುಗಿಸಿದಳು. ಆಮೇಲಿನವು ನಿಂತವು. ಪಕ್ಕದಲ್ಲಿ ನನ್ನ ತಾಯಿ ಬುಟ್ಟಿ ಒರೆಸುತ್ತ ಕುಳಿತಿದ್ದಳು.

"ಈ ಸಲ ನಾ ಅದನ್ನ ಒಯ್ಯಂಗಿಲ್ಲ" ಎಂದಳು ದೊಡ್ಡವಳು, ಕೈಯ ಕೆಲಸ ಬಿಡದೆ.

"ಯಾಕಬೇ? ಭಾರ ಆಗ್ತೈತೇನು?" ಎಂದಳು ನನ್ನ ತಾಯಿ.

"ಹೋದ ವರ್ಷ ಒಯ್ದಾಗ ಅವರ ಹುಡುಗಿ ಕೇಳಿದ್ಲು, ನಿಮ್ಮವ್ವಗ ಅಡಗಿ ಮಾಡಾಕ ಬರಂಗಿಲ್ಲೇನು, ಬರೇ ಅಕ್ಕಿ ಕೊಡ್ತೀರಲ್ಲ ಅಂತ."

ಅವರ ಹುಡುಗಿ ಎಂದರೆ ಮಾಲೀಕರ ಮಗಳು, ಇವಳದೇ ತರಗತಿ. ಚುಚ್ಚಿ ಕೇಳಿದ್ದಲ್ಲ, ತಿಳಿಯದೆ ಕೇಳಿದ್ದು.

"ನೀ ಏನಂದಿ?" ಎಂದು ಹೆಂಡತಿ ಕೇಳಿದಳು.

"ಏನೂ ಅನ್ನಲಿಲ್ಲ. ನನಗೂ ಗೊತ್ತಿರಲಿಲ್ಲ."

ಹೆಂಡತಿ ಜಾಲರಿಯನ್ನು ಬಾಣಲೆಯ ಅಂಚಿಗೆ ಇಟ್ಟಳು. "ಈ ಸಲ ಕರ್ಚಿಕಾಯಿ ಹೋಗ್ತಾವ. ಇಲ್ಲಂದ್ರ ಏನೂ ಹೋಗಂಗಿಲ್ಲ."

"ಮನಿ ಖಾಲಿ ಮಾಡ್ರಿ ಅಂದ್ರ?" ಎಂದಳು ತಾಯಿ.

"ಮಾಡೂಣು."

"ಊರಾಗ ನಿಮಗ ಮನಿ ಯಾರು ಕೊಡ್ತಾರಬೇ? ಹೇಳು ನಿನ್ನ ಹೇಂತಿಗೆ" ಎಂದು ತಾಯಿ ನನ್ನತ್ತ ತಿರುಗಿದಳು.

ನಾನು ಹೇಳಲಿಲ್ಲ. ಅದೇ ವರ್ಷ ದೇವದುರ್ಗದಲ್ಲಿ ನಡೆದ ಸಹಪಂಕ್ತಿ ಭೋಜನದ ಬಗ್ಗೆ ವರದಿ ಬರೆದಿದ್ದೆ. ಯಾರ ಪಕ್ಕ ಯಾರು ಕುಳಿತರು, ಎಲೆಯಲ್ಲಿ ಏನೇನಿತ್ತು, ಯಾವ ಮುಖಂಡರು ಎರಡನೇ ಸಲ ಅನ್ನ ಕೇಳಿದರು, ಎಲ್ಲ ಇತ್ತು ಅದರಲ್ಲಿ. ಒಂದು ಅಕ್ಷರ ತಪ್ಪಿರಲಿಲ್ಲ. ಅದನ್ನು ಬರೆದವನ ಮನೆಯಿಂದ ಐದು ವರ್ಷ ಪಡಿಯ ಬುಟ್ಟಿ ಹೋಗಿತ್ತು. ಹೋಗುವುದನ್ನು ಅವನೇ ಬಾಗಿಲಲ್ಲಿ ನಿಂತು ನೋಡಿದ್ದ. "ಅಕಿ ಹೇಳಿದ್ದು ಸರಿ ಐತಿ" ಎಂದೆ. ತಾಯಿ ಬುಟ್ಟಿಯನ್ನು ಗೋಡೆಗೆ ಒರಗಿಸಿ ಎದ್ದುಹೋದಳು.

ಹಬ್ಬದ ಬೆಳಗ್ಗೆ ಚರ್ಚಿನಿಂದ ಬಂದ ಮೇಲೆ ಮಕ್ಕಳಿಬ್ಬರೂ ಹೊರಟರು. ಒಂದೇ ಥಾನಿನ ಬಟ್ಟೆಯಲ್ಲಿ ಹೊಲಿಸಿದ ಎರಡು ಫ್ರಾಕು. ದರ್ಜಿ ಹಿಂದಿನ ದಿನ ಸಂಜೆಯವರೆಗೂ ಸತಾಯಿಸಿ ಕೊಟ್ಟಿದ್ದ. ದೊಡ್ಡವಳ ಕೈಯಲ್ಲಿ ಸ್ಟೀಲಿನ ತಾಟು, ಮೇಲೆ ಕಸೂತಿಯ ಬಟ್ಟೆ. ನಾನು ಅಂಗಳದ ನಳದ ಹತ್ತಿರ ನಿಂತೆ. ಏನೇ ಆದರೂ ನಡುವೆ ಬಾಯಿ ಹಾಕಬಾರದೆಂದು ಹೆಂಡತಿ ಹೇಳಿ ಕಳಿಸಿದ್ದಳು.

ಬಾಗಿಲಿಗೆ ಬಂದವರು ಮಾಲೀಕರ ತಾಯಿ. ಹಣೆಯ ತುಂಬ ವಿಭೂತಿ.

"ಬಾರವ್ವಾ. ಅಲ್ಲೇ ಕಟ್ಟಿ ಮ್ಯಾಲ ಇಡು" ಎಂದರು.

"ಕಟ್ಟಿ ಮ್ಯಾಲ ಇಡಂಗಿಲ್ಲ. ಕೈಯಾಗ ತಗೋರಿ. ಕರ್ಚಿಕಾಯಿ ಅದಾವ, ನಾನ ಮಡಿಚೀನಿ."

ಅವರು ಬಟ್ಟೆಯ ಅಂಚಿನ ಕಡೆ ನೋಡಿದರು. "ಅಕ್ಕಿ ಇಲ್ಲೇನು? ನಿಮ್ಮಜ್ಜಿ ವರ್ಷಾ ಅಕ್ಕಿ ಕಳಸ್ತಿದ್ಲಲ್ಲ."

"ಅಕ್ಕಿ ನಮಗ ಬೇಕು" ಎಂದಳು ಸಣ್ಣವಳು.

ಮುದುಕಮ್ಮ ನಕ್ಕರು. ನಗು ಮುಗಿದ ಮೇಲೆ ಮೆಲ್ಲಗೆ ಹೇಳಿದರು. "ಕರಿದದ್ದು ನಾವು ತಗೊಳ್ಳಂಗಿಲ್ಲ ಕೂಸಾ. ನಮ್ಮ ಮನಿ ಪದ್ಧತಿ ಅದ. ಸಿಟ್ಟ ಮಾಡಬ್ಯಾಡ. ಮನಿಗೆ ಒಯ್ದು ನೀವ ತಿನ್ರಿ."

ದೊಡ್ಡವಳು ಅಲ್ಲೇ ನಿಂತಿದ್ದಳು. ಅಳುತ್ತಾಳೆ ಎಂದುಕೊಂಡೆ. ಅವಳು ಅಳಲಿಲ್ಲ.

"ಹಂಗಾದ್ರ ಯುಗಾದಿಗೆ ನೀವೂ ಹೋಳಿಗಿ ಕಳಸಬ್ಯಾಡ್ರಿ ಅಜ್ಜಿ. ಕಡ್ಲಿಬ್ಯಾಳಿ, ಬೆಲ್ಲ ಕಳಸ್ರಿ. ನಮ್ಮವ್ವಗ ಮಾಡಾಕ ಬರ್ತದ."

ಮುದುಕಮ್ಮ ಅವಳ ತಲೆಯ ಮೇಲಿಂದ ನನ್ನನ್ನು ನೋಡಿದರು. "ಪೇಪರಿನವ್ರು ಚಲೋ ಕಲಿಸೀರಿ" ಎಂದರು.

ನಾನು ಕಲಿಸಿರಲಿಲ್ಲ. ಕಲಿಸಿದ್ದೇನೆಂದು ಹೇಳಿಕೊಳ್ಳುವ ಯೋಗ್ಯತೆಯೂ ಇರಲಿಲ್ಲ. "ಅದು ಅಕೀದ ಮಾತ್ರೀ ಅವ್ವಾರ" ಎಂದೆ. ಮಕ್ಕಳು ತಾಟಿನೊಂದಿಗೆ ಮರಳಿದರು.

ಒಳಗೆ ತಾಯಿಗೆ ಎಲ್ಲ ಕೇಳಿಸಿತ್ತು; ನಡುವೆ ಇದ್ದದ್ದು ಒಂದೇ ಗೋಡೆ. ಅವಳು ಚೀಲದ ಅಕ್ಕಿಯನ್ನು ಮೊರಕ್ಕೆ ಸುರಿದು, ಕೇರಿ, ತೊಳೆದು ಒಲೆಗೆ ಇಟ್ಟಳು. ಮಧ್ಯಾಹ್ನ ಕೋಳಿ ಸಾರಿನ ಜೊತೆ ಆ ಅನ್ನ ಉಂಡೆವು.

"ಚಲೋ ಅದ ಅಕ್ಕಿ" ಎಂದಳು ತಾಯಿ, ಎರಡನೇ ತುತ್ತಿಗೆ. ಆಮೇಲೆ, "ನಾ ಇದನ್ನ ಉಂಡೇ ಇರಲಿಲ್ಲ" ಎಂದಳು. ಇನ್ನೊಂದು ಸೌಟು ತಾನೇ ಬಡಿಸಿಕೊಂಡಳು.

ಸಂಜೆ ಮಾಲೀಕರ ಮಗಳು ಹಿತ್ತಲ ಕಡೆಯಿಂದ ಬಂದಳು. ಕಿಟಕಿಯ ಹತ್ತಿರ ನಿಂತು, "ನನಗೊಂದು ಕರ್ಚಿಕಾಯಿ ಕೊಡಲೇ, ಇಲ್ಲೇ ತಿಂತೀನಿ, ಯಾರೂ ನೋಡಂಗಿಲ್ಲ" ಎಂದಳು.

"ಕದ್ದು ತಿನ್ನಾಕ ಬಂದ್ರ ಕೊಡಂಗಿಲ್ಲ" ಎಂದಳು ನನ್ನ ದೊಡ್ಡ ಮಗಳು. "ಮುಂದಿನ ಬಾಗಿಲಿಂದ ಬಾ. ಕುಂತು ತಿನ್ನು."

ಆ ಹುಡುಗಿ ಹೋದಳು, ಮತ್ತೆ ಬರಲಿಲ್ಲ. ಹೋಗುವಾಗ ಅವಳ ಕಣ್ಣಲ್ಲಿ ನೀರಿತ್ತು. ಹತ್ತು ವರ್ಷದ ಮಗುವಿಗೆ ಅಷ್ಟು ಗಡಸುತನ ಬೇಕಿತ್ತೇ ಎಂದು ಹೆಂಡತಿಯನ್ನು ಕೇಳಿದೆ. "ಬೇಕಿತ್ತು" ಎಂದಳು. ನನಗೆ ಇಂದಿಗೂ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಮಗಳು ಹೇಳಿದ್ದರಲ್ಲಿ ತಪ್ಪು ಹುಡುಕಲು ಹೋದರೆ ಸಿಗುವುದೂ ಇಲ್ಲ.

ಜನವರಿಯಲ್ಲಿ ಮಾಲೀಕರು ನನ್ನನ್ನು ಗಿರಣಿಗೆ ಕರೆಸಿ ಚಹಾ ತರಿಸಿದರು. ತಮ್ಮನ ಮದುವೆ ಅದ, ಮನಿ ಬೇಕಾಗ್ತದ, ತಪ್ಪು ತಿಳಕೋಬ್ಯಾಡ್ರಿ ಎಂದರು.

"ಕಾರಣ ಅಷ್ಟೇನ್ರೀ?" ಎಂದು ಕೇಳಿದೆ.

"ಅಷ್ಟೇ ಅಂತ ಬರಕೋರಿ" ಎಂದರು. ಅವರೂ ನಗಲಿಲ್ಲ, ನಾನೂ ನಗಲಿಲ್ಲ.

ಮನೆ ಹುಡುಕುವ ಕೆಲಸವನ್ನು ಹೆಂಡತಿ ತನ್ನ ಕೈಗೆ ತೆಗೆದುಕೊಂಡಳು. ಆ ಊರಿನಲ್ಲಿ ಬಾಡಿಗೆಗೆ ಹೋದವರನ್ನು ಮನೆಯವರು ಪ್ರಶ್ನೆ ಕೇಳುವುದು ರೂಢಿ: ಯಾವ ಪೈಕಿ, ಏನು ತಿನ್ನುತ್ತೀರಿ. ಅವರು ಬಾಯಿ ತೆರೆಯುವ ಮೊದಲೇ ಇವಳು ಹೇಳಿಬಿಡುತ್ತಿದ್ದಳು: "ನಾವು ಕ್ರಿಶ್ಚಿಯನ್ರು. ಕೋಳಿ, ಕುರಿ ತಿಂತೀವಿ. ಹಬ್ಬಕ್ಕ ನಮ್ಮ ಮನ್ಯಾಗ ಮಾಡಿದ್ದು ನಿಮ್ಮ ಮನಿಗೆ ಕಳಸ್ತೀವಿ. ತಗೊಳ್ಳೋರಾದ್ರ ಮನಿ ತೋರಸ್ರಿ." ಮಕ್ಕಳಿಬ್ಬರನ್ನೂ ಜೊತೆಗೆ ಕರೆದೊಯ್ಯುತ್ತಿದ್ದಳು. ಅವರು ಕೇಳಲಿ ಎಂದೇ.

ಮೊದಲನೇ ಮನೆಯವರು ಯಾರಿಗೋ ಮಾತು ಕೊಟ್ಟಾಗಿದೆ ಎಂದರು. ಎರಡನೇ ಮನೆಯವರು ಮಾತೇ ಆಡದೆ ಬಾಗಿಲು ಹಾಕಿದರು. ನಾಲ್ಕು ದಿನ ಹೀಗೇ ನಡೆಯಿತು. ಸುಮ್ಮನೆ ಮನೆ ನೋಡಿ ಆಮೇಲೆ ಹೇಳಬಾರದೇ ಎಂದೆ ಒಮ್ಮೆ. "ಆಮ್ಯಾಲ ಹೇಳಿದ್ರ ಏನಾಗ್ತದ ಅಂತ ಐದು ವರ್ಷ ನೋಡೀವಲ್ರೀ" ಎಂದಳು.

ಐದನೇ ದಿನ ಊರ ಅಂಚಿನ ಮನೆಯಲ್ಲಿ ಒಬ್ಬ ವಯಸ್ಸಾದ ಹೆಂಗಸು. ಕುರಿ ಕಾಯುವ ಮನೆತನ. ಆಕೆಯ ಗಂಡುಮಕ್ಕಳು ಚಂದ್ರಬಂಡದ ಕಡೆ ಹಿಂಡಿನೊಂದಿಗೆ ಇದ್ದರು. ಕಟ್ಟೆಯ ಮೇಲೆ ಉಣ್ಣೆ ಬಿಡಿಸುತ್ತ ಕುಳಿತು ಇವಳ ಮಾತು ಪೂರ್ತಿ ಕೇಳಿದಳು.

"ಏನು ಮಾಡ್ತೀರಿ ಹಬ್ಬಕ್ಕ?"

"ಕರ್ಚಿಕಾಯಿ" ಎಂದಳು ನನ್ನ ದೊಡ್ಡ ಮಗಳು.

"ನನಗ ಹಲ್ಲಿಲ್ಲಲೇ."

"ಹಾಲಾಗ ನೆನಸಿ ತಿನ್ರಿ."

"ಹಂಗಾದ್ರ ಬಾ, ಮನಿ ನೋಡು" ಎಂದು ಆಕೆ ಮೊಣಕಾಲಿಗೆ ಕೈಕೊಟ್ಟು ಎದ್ದಳು. ಹೆಂಡತಿ ಆಗ ಬಾಡಿಗೆ ಎಷ್ಟೆಂದು ಕೇಳಿದಳು.